ಮೊದಲು ಇಳಿತದ ಗಂಟೆ ನೋಡಿ, ಆಮೇಲೆ ಹೋಟೆಲ್: ಒಲಿಂಪಿಕ್ ಕಾಡು-ಕಡಲಿಗೆ ಮೊದಲ ಸಲ ಹೊರಟವರಿಗೆ

ಪ್ರಶ್ನೆ: ನಾವು ಅಮೆರಿಕದ ಸಿಯಾಟಲ್ ಹತ್ತಿರದ ರೆಡ್ಮಂಡ್‌ನಲ್ಲಿದ್ದೇವೆ. ಸಾಗರದಿಂದ ಅಪ್ಪ ಅಮ್ಮ ಬಂದಿದ್ದಾರೆ. ಜುಲೈ ಕೊನೆಯ ವಾರ ಒಲಿಂಪಿಕ್ ನ್ಯಾಷನಲ್ ಪಾರ್ಕಿಗೆ ಹೋಗುವ ಆಸೆ. ಶುಕ್ರವಾರ ಬೆಳಿಗ್ಗೆ ಹೊರಟು ಭಾನುವಾರ ರಾತ್ರಿ ವಾಪಸ್. ನಮ್ಮ ಪಟ್ಟಿ: ಹರಿಕೇನ್ ರಿಡ್ಜ್, ಲೇಕ್ ಕ್ರೆಸೆಂಟ್, ಕೇಪ್ ಫ್ಲಾಟರಿ, ರಿಯಾಲ್ಟೊ ಬೀಚ್, ಹೋ ಮಳೆಕಾಡು, ರೂಬಿ ಬೀಚ್, ಕ್ಲೇಲಾಕ್. ಎರಡೂ ರಾತ್ರಿ ಪೋರ್ಟ್ ಆಂಜಲಿಸ್‌ನಲ್ಲಿ ಉಳಿಯುವ ಯೋಚನೆ. ಅಮ್ಮನಿಗೆ ಮಂಡಿನೋವು, ಮಗನಿಗೆ ಆರು ವರ್ಷ. ಎಲ್ಲ ಆಗುತ್ತದಾ? ಕರಡಿ ಭಯ ಇದೆಯಾ? ಊಟಕ್ಕೆ ಏನು ಮಾಡೋದು? ಇನ್ನೊಂದು, ಅಪ್ಪ ನಗುತ್ತಿದ್ದಾರೆ: "ಮಲೆನಾಡಲ್ಲಿ ಹುಟ್ಟಿದವನಿಗೆ ಮಳೆಕಾಡು ತೋರ್ಸೋಕೆ ಅಷ್ಟು ದೂರ ಕರ್ಕೊಂಡು ಹೋಗ್ತೀಯಾ?"

ಉತ್ತರ: ಪಟ್ಟಿ ಚೆನ್ನಾಗಿದೆ. ಅದರಲ್ಲಿ ಅರ್ಧ ಹೊಡೆದು ಹಾಕಿ.

ಬೇಜಾರು ಮಾಡಿಕೊಳ್ಳಬೇಡಿ. ಮೊದಲ ಸಲ ಹೋಗುವ ಎಲ್ಲರೂ ಇದೇ ಪಟ್ಟಿ ತರುತ್ತಾರೆ. ಹದಿನೈದು ವರ್ಷದ ಹಿಂದೆ ನಾನೂ ತಂದಿದ್ದೆ. ತಪ್ಪು ಆಸೆಯದಲ್ಲ, ಮ್ಯಾಪಿನದು. ಮ್ಯಾಪಿನಲ್ಲಿ ಈ ಪಾರ್ಕು ಒಂದೇ ಹಸಿರು ಮುದ್ದೆಯ ಹಾಗೆ ಕಾಣುತ್ತದೆ, ಪಕ್ಕದಲ್ಲಿ ಕಡಲಿಗೆ ಅಂಟಿಕೊಂಡು ಒಂದು ತೆಳ್ಳಗಿನ ಪಟ್ಟಿ. ಇಲ್ಲಿಂದ ಅಲ್ಲಿಗೆ ಹೋದರಾಯ್ತು ಅನಿಸುತ್ತದೆ. ಆದರೆ ನಡುವಿನ ಬೆಟ್ಟಗಳನ್ನು ದಾಟುವ ಒಂದೇ ಒಂದು ರಸ್ತೆಯೂ ಇಲ್ಲ. 101 ಎಂಬ ಹೆದ್ದಾರಿ ಇಡೀ ಒಲಿಂಪಿಕ್ ಪರ್ಯಾಯ ದ್ವೀಪವನ್ನು ಸುತ್ತುತ್ತದೆ. ಅದರಿಂದ ಒಳಕ್ಕೆ ಸಣ್ಣ ಸಣ್ಣ ರಸ್ತೆಗಳು ಹೋಗಿ, ಅಲ್ಲೇ ನಿಂತುಬಿಡುತ್ತವೆ. ಒಂದು ಜಾಗ ನೋಡಿದ ಮೇಲೆ ಬಂದ ದಾರಿಯಲ್ಲೇ ವಾಪಸ್ ಬಂದು, ಮತ್ತೆ ಸುತ್ತಿ, ಮತ್ತೆ ಒಳಗೆ ಹೋಗಬೇಕು. ಪೋರ್ಟ್ ಆಂಜಲಿಸ್‌ನಿಂದ ಹೋ ಕಾಡಿಗೆ ಎರಡು ಗಂಟೆ, ಕ್ಲೇಲಾಕ್‌ಗೂ ಹತ್ತಿರ ಹತ್ತಿರ ಎರಡು ಗಂಟೆ, ಕೇಪ್ ಫ್ಲಾಟರಿಗೆ ತಿರುವು ಮುರುವಿನ ಇನ್ನೊಂದು ಎರಡು ಗಂಟೆ. ಪೋರ್ಟ್ ಆಂಜಲಿಸ್‌ನಲ್ಲೇ ರೂಮು ಮಾಡಿದರೆ ಅಮ್ಮ ನೋಡುವುದು ಮುಂದಿನ ಸೀಟಿನ ಬೆನ್ನನ್ನು.

ಹರಿಕೇನ್ ರಿಡ್ಜ್ ಬಿಡಿ. ಅದು ಬೆಟ್ಟ, ಬೇರೆ ಲೋಕ. ಸಿಯಾಟಲ್‌ನಿಂದ ಒಂದೇ ದಿನದಲ್ಲಿ ಹೋಗಿ ಬರಬಹುದು, ಇನ್ನೊಂದು ಶನಿವಾರಕ್ಕೆ ಇಟ್ಟುಕೊಳ್ಳಿ. ಅಲ್ಲಿ 2023ರ ಮೇ ತಿಂಗಳಲ್ಲಿ ವಿಶ್ರಾಂತಿ ಕಟ್ಟಡ ಸುಟ್ಟುಹೋಯಿತು, ಸೌಕರ್ಯ ಮೊದಲಿನಷ್ಟಿಲ್ಲ ಎಂಬುದು ನೆನಪಿರಲಿ. ಕೇಪ್ ಫ್ಲಾಟರಿಯನ್ನೂ ಬಿಡಿ. ಅಲಾಸ್ಕಾ, ಹವಾಯಿ ಬಿಟ್ಟರೆ ಅಮೆರಿಕದ ವಾಯವ್ಯದ ತುತ್ತತುದಿ ಅದು, ಚಂದವೇ. ಆದರೆ ಅದು ಪಾರ್ಕಿನೊಳಗಿಲ್ಲ, ಮಕಾ ಎಂಬ ಮೂಲನಿವಾಸಿ ಜನರ ನೆಲ. ಅವರ ಬೇರೆ ಪಾಸ್ ಕೊಳ್ಳಬೇಕು, ಕಾಲುದಾರಿಯಲ್ಲಿ ಬೇರು, ಮೆಟ್ಟಿಲು ಜಾಸ್ತಿ. ಮಂಡಿನೋವಿಗೆ ಹೇಳಿದ್ದಲ್ಲ.

ಉಳಿದದ್ದು ಕಾಡು ಮತ್ತು ಕಡಲು. ಎರಡು ರಾತ್ರಿಗೆ ಅಷ್ಟು ಧಾರಾಳ.

ಈಗ ಮುಖ್ಯ ವಿಷಯ. ಹೋಟೆಲ್ ಬುಕ್ ಮಾಡುವ ಮೊದಲು, ಕೆಲಸಕ್ಕೆ ರಜೆ ಹಾಕುವ ಮೊದಲು, ರಿಯಾಲ್ಟೊ ಬೀಚಿನ ಪಕ್ಕದ ಲಾ ಪುಶ್ ಊರಿನ ಉಬ್ಬರ-ಇಳಿತದ ವೇಳಾಪಟ್ಟಿ ತೆಗೆದು ನೋಡಿ. ನೋವಾ ಎಂಬ ಸರ್ಕಾರಿ ಸಂಸ್ಥೆ ಇದನ್ನು ವರ್ಷದ ಮುಂಚೆಯೇ ಹಾಕಿರುತ್ತದೆ, ಪುಕ್ಕಟೆ. ಆ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಆದರೆ ಎರಡು ಇಳಿತಗಳೂ ಒಂದೇ ಸಮ ಅಲ್ಲ. ಒಂದು ಅಲ್ಪಸ್ವಲ್ಪ ಇಳಿದು ಸುಮ್ಮನಾಗುತ್ತದೆ, ಇನ್ನೊಂದು ತಳ ಕಾಣುವಷ್ಟು ಹಿಂದಕ್ಕೆ ಸರಿಯುತ್ತದೆ. ನಿಮಗೆ ಬೇಕಾದದ್ದು ಆ ಎರಡನೆಯದು, ಬಂಡೆಗಳ ಮೇಲಿನ ಕಡಲ ಜೀವಿಗಳು ಕಾಣುವುದು ಆಗಲೇ. ಪಟ್ಟಿಯಲ್ಲಿ ಅದು ಸೊನ್ನೆಯ ಹತ್ತಿರ, ಅಥವಾ ಸೊನ್ನೆಗಿಂತ ಕೆಳಗೆ ಮೈನಸ್ ಗುರುತಿನಲ್ಲಿ ಇರುತ್ತದೆ. ಮೈನಸ್ ಕಂಡರೆ ಅದೃಷ್ಟ.

ಅಮ್ಮ ಊರಿನಿಂದ ಪಂಚಾಂಗ ತಂದಿದ್ದರೆ ಅದೂ ಕೆಲಸಕ್ಕೆ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಇಳಿತ ಆಳಕ್ಕೆ ಹೋಗುತ್ತದೆ. ಅಷ್ಟಮಿಯ ಹತ್ತಿರ ಬಿದ್ದರೆ ಕಡಲು ಅರೆಮನಸ್ಸಿನಲ್ಲಿ ಇಳಿದ ಹಾಗೆ. ಒಂದು ವಾರ ಆಚೆ ಈಚೆ ಮಾಡಲು ಆಗುವುದಾದರೆ ಮಾಡಿ. ಮತ್ತೆ, ಆ ಕರಾವಳಿಯಲ್ಲಿ ಬೇಸಿಗೆಯ ದೊಡ್ಡ ಇಳಿತಗಳು ಬರುವುದು ಬೆಳಿಗ್ಗೆ, ಚಳಿಗಾಲದಲ್ಲಿ ರಾತ್ರಿ. ಹಾಗಾಗಿ ಜುಲೈ ನಿಮಗೆ ಒಳ್ಳೆಯದೇ. ತೊಂದರೆ ಏನೆಂದರೆ, ಹೋ ಕಾಡಿಗೂ ಎಲ್ಲರೂ ಬೆಳಿಗ್ಗೆಯೇ ಹೋಗಿ ಅನ್ನುತ್ತಾರೆ. ಎರಡಕ್ಕೂ ಬೇಕಾದದ್ದು ಅದೇ ಬೆಳಗು. ನಿಮ್ಮ ಪ್ರವಾಸದ ಇಡೀ ಗಂಟು ಇಲ್ಲಿದೆ.

ಬಿಡಿಸುವುದು ಕಷ್ಟವಲ್ಲ. ಕಡಲಿಗೆ ಬೆಳಗು ಕೊಡಿ, ಕಾಡಿಗೆ ಸಂಜೆ ಕೊಡಿ. ಜುಲೈ ಕೊನೆಯಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತರ ಸುಮಾರಿಗೆ. ಸಂಜೆ ಐದಕ್ಕೆ ಹೋ ಕಾಡಿಗೆ ಹೋದರೂ ಮೂರು-ನಾಲ್ಕು ಗಂಟೆ ಬೆಳಕಿದೆ. ಬೆಳಿಗ್ಗೆ ಹತ್ತಕ್ಕೆ ಹೋದರೆ? ವಾಹನ ನಿಲ್ಲಿಸುವ ಜಾಗ ತುಂಬಿ, ಒಂದು ಕಾರು ಹೊರಬಂದರೆ ಒಂದನ್ನು ಒಳಗೆ ಬಿಡುತ್ತಾರೆ. ಗೇಟಿನ ಮುಂದೆ ಗಂಟೆಗಟ್ಟಲೆ ಕಾಯಬೇಕು, ಫೋನಿಗೆ ಸಿಗ್ನಲ್ ಇಲ್ಲ, ಆರು ವರ್ಷದ ಹುಡುಗ ಹಿಂದಿನ ಸೀಟಿನಲ್ಲಿ. ಊಹಿಸಿಕೊಳ್ಳಿ.

ಇದಕ್ಕೆ ರೂಮು ಪಶ್ಚಿಮದ ಕಡೆ ಬೇಕು. ಪೋರ್ಟ್ ಆಂಜಲಿಸ್ ಬುಕಿಂಗ್ ರದ್ದು ಮಾಡಿ, ಎರಡೂ ರಾತ್ರಿ ಫೋರ್ಕ್ಸ್ ಊರಿನಲ್ಲಿರಿ. ಊರು ಏನೂ ಚಂದವಿಲ್ಲ, ಮರ ಕಡಿಯುವವರ ಹಳೆಯ ಊರು. ಆದರೆ ರಿಯಾಲ್ಟೊಗೆ ಅರ್ಧ ಗಂಟೆ, ಕ್ಲೇಲಾಕ್‌ಗೆ ಮುಕ್ಕಾಲು ಗಂಟೆ, ಹೋ ಕಾಡಿಗೆ ಒಂದು ಗಂಟೆಯೊಳಗೆ. ಗ್ಯಾಸ್ ಬಂಕ್, ದಿನಸಿ ಅಂಗಡಿ, ಒಂದು ಸಣ್ಣ ಆಸ್ಪತ್ರೆ ಇವೆ. ಕ್ಲೇಲಾಕ್‌ನಲ್ಲಿ ಕಡಲ ದಿಬ್ಬದ ಮೇಲೆಯೇ ಉಳಿಯುವ ಜಾಗಗಳಿವೆ, ಆದರೆ ಜುಲೈಗೆ ಅವು ತಿಂಗಳುಗಳ ಮುಂಚೆ ತುಂಬಿರುತ್ತವೆ. ಯಾರಾದರೂ ರದ್ದು ಮಾಡಿದ್ದಾರಾ ಅಂತ ದಿನಾ ಒಮ್ಮೆ ನೋಡುತ್ತಿರಿ, ಸಿಕ್ಕರೆ ಬಿಡಬೇಡಿ.

ಶುಕ್ರವಾರ ಬೆಳಿಗ್ಗೆ ಎಡ್ಮಂಡ್ಸ್‌ನಿಂದ ಕಿಂಗ್‌ಸ್ಟನ್‌ಗೆ ಫೆರ್ರಿ ಹಿಡಿಯಿರಿ, ಅರ್ಧ ಗಂಟೆಯ ಪಯಣ. ಬೇಸಿಗೆಯ ಶುಕ್ರವಾರ ಮಧ್ಯಾಹ್ನ ಅಲ್ಲಿ ಕಾರುಗಳ ಸಾಲು ನೋಡಬಾರದು, ಆದ್ದರಿಂದ ಬೇಗ ಹೊರಡಿ. ದಾರಿಯಲ್ಲಿ ಸ್ಕ್ವಿಮ್ ಎಂಬ ಊರು ಸಿಗುತ್ತದೆ. ಇಂಗ್ಲಿಷ್ ಬೋರ್ಡು ನೋಡಿದರೆ 'ಸೆಕ್ವಿಮ್' ಅಂತ ಓದುತ್ತೀರಿ, ಅಲ್ಲಿಯವರು ನಗುತ್ತಾರೆ. ಅಪ್ಪನಿಗೆ ತೋರಿಸಬೇಕಾದ ಮೊದಲ ಪಾಠ ಈ ಊರು. ಹೋ ಕಾಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಸ್ಕ್ವಿಮ್‌ನಲ್ಲಿ ಬರೀ 400ರ ಆಸುಪಾಸು. ನಡುವೆ ನಿಂತಿರುವುದು ಒಲಿಂಪಿಕ್ ಬೆಟ್ಟಸಾಲು. ಆಗುಂಬೆಯಲ್ಲಿ ಸುರಿದು ಚಿತ್ರದುರ್ಗಕ್ಕೆ ಹೋಗುವಷ್ಟರಲ್ಲಿ ಮೋಡ ಖಾಲಿಯಾಗುತ್ತದಲ್ಲ, ಅದೇ ಕತೆ. ವಿವರಿಸಬೇಕಾಗಿಯೇ ಇಲ್ಲ, ಅವರಿಗೆ ಗೊತ್ತಾಗುತ್ತದೆ.

ಲೇಕ್ ಕ್ರೆಸೆಂಟ್ ದಾರಿಯಲ್ಲೇ ಇದೆ. ದಡದಲ್ಲಿ ಕೂತು ಬುತ್ತಿ ಬಿಚ್ಚಿ. ಕೆರೆಯ ಆಳ ಸುಮಾರು 190 ಮೀಟರ್ ಅನ್ನುತ್ತಾರೆ, ನೀರು ನೀಲಿ ಶಾಯಿ. ಹತ್ತಿರದ ಮೇರಿಮಿಯರ್ ಜಲಪಾತಕ್ಕೆ ಹೋಗಿಬರುವುದು ಸುಮಾರು ಮೂರು ಕಿಲೋಮೀಟರ್. ದಾರಿ ಬಹುಪಾಲು ಸಮತಟ್ಟು, ಕೊನೆಯಲ್ಲಿ ಮಾತ್ರ ಮೆಟ್ಟಿಲು. ಅಮ್ಮ ಮೆಟ್ಟಿಲ ಬುಡದವರೆಗೆ ಬಂದು ಕೂರಬಹುದು. ಜೋಗದ ಊರಿನವರಿಗೆ 90 ಅಡಿಯ ಜಲಪಾತ ತೋರಿಸಿ "ಹೇಗಿದೆ?" ಅಂತ ಮಾತ್ರ ಕೇಳಬೇಡಿ.

ಸಂಜೆ ಫೋರ್ಕ್ಸ್‌ನಲ್ಲಿ ಸಾಮಾನಿಳಿಸಿ ರಿಯಾಲ್ಟೊಗೆ ಹೋಗಿ. ಅಮ್ಮನಿಗೆ ಅತಿ ಸುಲಭದ ಬೀಚು ಅದೇ, ಕಾರು ನಿಲ್ಲಿಸಿದ ಜಾಗದಿಂದ ನಾಲ್ಕು ಹೆಜ್ಜೆಗೆ ಕಡಲು. ಆದರೆ ಮರಳು ಅಂದುಕೊಳ್ಳಬೇಡಿ, ಅಲ್ಲಿರುವುದು ಉರುಟು ಕಲ್ಲುಗಳು. ಕಾಲಿಟ್ಟರೆ ಜಾರುತ್ತವೆ. ಊರುಗೋಲು ಬೇಕು. ಅಲೆ ಹಿಂದೆ ಹೋಗುವಾಗ ಆ ಕಲ್ಲುಗಳು ಒಂದಕ್ಕೊಂದು ತಾಗಿ, ಯಾರೋ ದೊಡ್ಡ ಪಾತ್ರೆಯಲ್ಲಿ ಅಡಿಕೆ ಕಲಕಿದ ಹಾಗೆ ಸದ್ದು ಬರುತ್ತದೆ. ನನಗೆ ಅಲ್ಲಿನ ನೋಟಕ್ಕಿಂತ ಆ ಸದ್ದು ಇಷ್ಟ.

ಇಲ್ಲಿ ಒಂದು ಎಚ್ಚರಿಕೆ. ಇದನ್ನು ಮಾತ್ರ ಎರಡು ಸಲ ಓದಿ. ಬೀಚಿನ ತುಂಬ ದೊಡ್ಡ ದೊಡ್ಡ ಮರದ ದಿಮ್ಮಿಗಳು ಬಿದ್ದಿರುತ್ತವೆ. ಕೆಲವು ಬಸ್ಸಿಗಿಂತ ಉದ್ದ. ಬಿಸಿಲಿಗೆ ಬೆಳ್ಳಗಾಗಿ, ಕೂರಲು ಬೆಂಚಿನ ಹಾಗೆ ಕರೆಯುತ್ತವೆ, ಮಕ್ಕಳಂತೂ ಹತ್ತಿ ಓಡುತ್ತಾರೆ. ನೀರು ದೂರ ಇದ್ದು, ಇಳಿಯುತ್ತಿರುವಾಗ ತೊಂದರೆ ಇಲ್ಲ. ಉಬ್ಬರ ಏರುತ್ತಿದ್ದರೆ, ಅಲೆ ದೊಡ್ಡದಿದ್ದರೆ, ದಿಮ್ಮಿಯ ಹತ್ತಿರಕ್ಕೂ ಬಿಡಬೇಡಿ. ಹತ್ತಾಳು ಎತ್ತಲಾಗದ ಮರವನ್ನು ಮೊಣಕಾಲುದ್ದದ ನೀರು ಸಲೀಸಾಗಿ ಉರುಳಿಸುತ್ತದೆ. ಅಲ್ಲಿ ಜನ ಸತ್ತಿದ್ದಾರೆ, ಅದಕ್ಕೇ ಬೋರ್ಡು ಹಾಕಿದ್ದಾರೆ. ಎರಡನೆಯದು, ಕಡಲಿಗೆ ಬೆನ್ನು ಹಾಕಿ ಫೋಟೊ ತೆಗೆಸಿಕೊಳ್ಳಬೇಡಿ. ಹತ್ತು ಅಲೆ ಸಣ್ಣದು ಬಂದು ಹನ್ನೊಂದನೆಯದು ಮೇಲೇರಿ ಬರುವುದು ಅಲ್ಲಿ ಮಾಮೂಲು. ಈಜುವ ಮಾತೇ ಬೇಡ. ಬೇಸಿಗೆಯಲ್ಲೂ ನೀರು 10-12 ಡಿಗ್ರಿ, ಜೊತೆಗೆ ಒಳಕ್ಕೆ ಎಳೆಯುವ ಸೆಳೆತ. ಗೋಕರ್ಣ, ಮುರ್ಡೇಶ್ವರದ ಬೆಚ್ಚಗಿನ ನೀರಿನ ನೆನಪಿನಲ್ಲಿ ಪ್ಯಾಂಟು ಮಡಚಿ ಇಳಿದವರು ಅರ್ಧ ನಿಮಿಷದಲ್ಲಿ ಹೊರಗೆ ಬರುತ್ತಾರೆ.

ನನ್ನ ಮೊದಲ ಸಲದ ಕತೆ ಇದೇ ಬೀಚಿನದು. ಸ್ನೇಹಿತನೊಬ್ಬನ ಜೊತೆ ಹೋಗಿದ್ದೆ. ರಿಯಾಲ್ಟೊದಿಂದ ಉತ್ತರಕ್ಕೆ ಒಂದೂವರೆ ಮೈಲು ನಡೆದರೆ ಹೋಲ್ ಇನ್ ದ ವಾಲ್ ಎಂಬ ಬಂಡೆ ಸಿಗುತ್ತದೆ. ಕಡಲು ಕೊರೆದ ದೊಡ್ಡ ಕಿಂಡಿ. ಇಳಿತದಲ್ಲಿ ಅದರೊಳಗೆ ನುಗ್ಗಿ ಆಚೆಗೆ ಹೋಗಬಹುದು. ನಾವು ನುಗ್ಗಿದೆವು. ಆಚೆ ಕೂತು ಅವಲಕ್ಕಿ ತಿಂದೆವು, ಒಂದು ನಿದ್ದೆಯನ್ನೂ ತೆಗೆದೆವು. ಎದ್ದು ನೋಡಿದರೆ ಕಿಂಡಿಯ ತುಂಬ ನೊರೆ. ಉಬ್ಬರದ ಪಟ್ಟಿ ಅಂತ ಒಂದಿದೆ ಎಂದೇ ನಮಗೆ ಗೊತ್ತಿರಲಿಲ್ಲ. ಅರ್ಧ ಗಂಟೆ ಬೈದುಕೊಂಡು ಕೂತ ಮೇಲೆ, ಬೆಟ್ಟದ ಅಂಚಿನಲ್ಲಿ ಒಂದು ಮರಕ್ಕೆ ಹೊಡೆದಿದ್ದ ಕೆಂಪು-ಕಪ್ಪು ದುಂಡನೆಯ ಗುರುತು ಕಂಡಿತು. ಉಬ್ಬರದಲ್ಲಿ ಸಿಕ್ಕಿಕೊಂಡವರು ಬಂಡೆಯ ಮೇಲಿನಿಂದ ದಾಟಲು ಮಾಡಿದ ಕಾಲುದಾರಿಯ ಗುರುತು ಅದು. ಒದ್ದೆ ಜೀನ್ಸಿನಲ್ಲಿ ಕೆಸರು ದಿಬ್ಬ ಹತ್ತಿ ಇಳಿಯುವಷ್ಟರಲ್ಲಿ ಹಲ್ಲು ಕಟಕಟ. ತಪ್ಪು ಪೂರ್ತಿ ನಮ್ಮದೇ. ಆವತ್ತಿನಿಂದ ಇಳಿತದ ಗಂಟೆಯನ್ನು ಕೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡು ಹೋಗುತ್ತೇನೆ. ಫೋನಿಗೆ ಅಲ್ಲಿ ಸಿಗ್ನಲ್ ಇರುವುದಿಲ್ಲವಲ್ಲ.

ಶನಿವಾರ ಬೆಳಿಗ್ಗೆ ನಿಮ್ಮ ಪ್ರವಾಸದ ದೊಡ್ಡ ಹೊತ್ತು. ಇಳಿತ ಏಳು ಗಂಟೆಗೆ ಅಂದುಕೊಳ್ಳೋಣ. ಆರಕ್ಕೆ ಕಡಲ ಹತ್ತಿರ ಇರಬೇಕು, ಯಾಕೆಂದರೆ ನೀರು ಇನ್ನೂ ಇಳಿಯುತ್ತಿರುವಾಗ ಅದರ ಹಿಂದೆಯೇ ನಡೆಯುವುದು ಕ್ಷೇಮ, ಅದು ತಿರುಗಿ ಬರುವಾಗ ನೀವು ವಾಪಸ್ ಹೊರಟಿರಬೇಕು. ಅಪ್ಪ ಹೇಗೂ ಐದಕ್ಕೇ ಏಳುತ್ತಾರೆ, ಅಲ್ವಾ? ಫೋರ್ಕ್ಸ್‌ನಿಂದ ರೂಬಿ ಬೀಚಿಗೆ ಅರ್ಧ ಗಂಟೆ ಮೇಲೆ ಸ್ವಲ್ಪ. ಅಲ್ಲಿ ಕಾರು ನಿಲ್ಲಿಸುವ ಜಾಗದ ಅಂಚಿನಿಂದಲೇ ಕಡಲು, ಅದರೊಳಗೆ ನಿಂತ ಕಲ್ಲುಕಂಬಗಳು ಎಲ್ಲ ಕಾಣುತ್ತವೆ. ಕೆಳಗೆ ಇಳಿಯುವ ದಾರಿ ಸುಮಾರು ನಾನೂರು ಮೀಟರ್, ಇಳಿಜಾರು. ಅಮ್ಮ ನಿಧಾನಕ್ಕೆ ದಾರಿಯ ಬುಡದವರೆಗೆ ಬರಬಹುದು. ಅಲ್ಲಿಂದ ಮುಂದೆ ದಿಮ್ಮಿಗಳ ರಾಶಿ ದಾಟಬೇಕು, ಅದು ಬೇಡ. ಇಳಿತದಲ್ಲಿ ಬಂಡೆಗಳ ನಡುವೆ ನೀರು ನಿಂತು ಕಡಲ ಜೀವಿಗಳು ಸಿಗುವ ಹೊಂಡಗಳು ಇನ್ನೂ ಚೆನ್ನಾಗಿರುವುದು ಕ್ಲೇಲಾಕ್ ಹತ್ತಿರದ ಬೀಚ್ 4 ಎಂಬಲ್ಲಿ, ಆದರೆ ಅಲ್ಲಿ ಕೊನೆಗೆ ಬಂಡೆ ಇಳಿಯಬೇಕು. ಅಮ್ಮನನ್ನು ಬಿಟ್ಟು ಹೋಗುವುದಾದರೆ ಮಾತ್ರ ಅದು. ನಾನಾದರೆ ರೂಬಿ ಆರಿಸುತ್ತೇನೆ.

ನೀರು ಸರಿದ ಬಂಡೆಗಳ ಮೇಲೆ ಮಗನಿಗೆ ಒಂದು ಆಟ ಕೊಡಿ: ನೇರಳೆ ಮತ್ತು ಕಿತ್ತಳೆ ಬಣ್ಣದ ನಕ್ಷತ್ರಮೀನು ಎಷ್ಟಿವೆ ಎಣಿಸು ಅಂತ. ಎರಡೂ ಒಂದೇ ಜಾತಿ. ಅವು ತಿನ್ನುವುದು ನಮ್ಮ ಕರಾವಳಿಯ ಪಚ್ಚಿಲೆಯಂಥ ಚಿಪ್ಪಿನ ಪ್ರಾಣಿಗಳನ್ನು. ಈ ನಕ್ಷತ್ರಮೀನಿನ ಹಿಂದೆ ದೊಡ್ಡ ಕತೆಯಿದೆ. 1963ರಲ್ಲಿ ರಾಬರ್ಟ್ ಪೇನ್ ಎಂಬ ಸಿಯಾಟಲ್‌ನ ಪ್ರೊಫೆಸರ್, ಇಲ್ಲಿಂದ ಉತ್ತರಕ್ಕಿರುವ ಮಕಾ ಜನರ ಕಡಲತೀರದ ಒಂದು ಬಂಡೆಯಿಂದ ಇವನ್ನು ಕಿತ್ತು ಕಿತ್ತು ಕಡಲಿಗೆ ಎಸೆಯುತ್ತ ಹೋದರು. ಪಕ್ಕದ ಬಂಡೆಯನ್ನು ಹಾಗೇ ಬಿಟ್ಟರು. ತಿನ್ನುವವರು ಇಲ್ಲದಾಗ ಚಿಪ್ಪಿಗಳೇ ಬಂಡೆಯನ್ನು ಆಕ್ರಮಿಸಿಕೊಂಡವು, ಉಳಿದ ಜೀವಿಗಳಿಗೆ ಜಾಗವೇ ಇಲ್ಲ. ಹದಿನೈದು ಜಾತಿ ಇದ್ದಲ್ಲಿ ಎಂಟು ಉಳಿದವು. ಒಂದು ಪ್ರಾಣಿ ಇಡೀ ಮನೆಯನ್ನು ಹಿಡಿದಿಟ್ಟಿರುತ್ತದೆ ಎಂಬ ವಿಚಾರ, ಈಗ ಪರಿಸರದ ಪ್ರತಿ ಪಾಠಪುಸ್ತಕದಲ್ಲೂ ಇರುವ 'ಕೀಸ್ಟೋನ್' ಜೀವಿ ಎಂಬ ಮಾತು, ಹುಟ್ಟಿದ್ದು ಇಂಥ ಒಂದು ಬಂಡೆಯ ಮೇಲೆ. 2013ರಿಂದ ಈ ತೀರದ ನಕ್ಷತ್ರಮೀನುಗಳಿಗೆ ಮೈ ಕರಗುವ ರೋಗ ಬಂದು ಕೋಟಿಗಟ್ಟಲೆ ಸತ್ತವು. ಇಪ್ಪತ್ತಕ್ಕೂ ಹೆಚ್ಚು ತೋಳಿನ ದೊಡ್ಡ ಸೂರ್ಯಕಾಂತಿ ನಕ್ಷತ್ರ ಬಹುತೇಕ ಕಾಣೆಯಾಗಿದೆ. ನೇರಳೆಯವು ಉಳಿದಿವೆ. ಮುಟ್ಟಬಹುದು, ಒದ್ದೆ ಬೆರಳ ತುದಿಯಿಂದ ಮೆಲ್ಲಗೆ. ಕೀಳಬಾರದು. ಕಾಲಿಡುವಾಗ ಬರೀ ಕಲ್ಲಿನ ಮೇಲೆ ಇಡಿ, ಹಸಿರು ಪಾಚಿ ಜಾರುತ್ತದೆ, ಬೆಳ್ಳಗಿನ ಚಿಪ್ಪುಗಳ ಅಂಚು ಬ್ಲೇಡಿನ ಹಾಗೆ.

ಆಕಾಶದಲ್ಲಿ ಬಿಳಿತಲೆಯ ಹದ್ದು ಕಂಡೇ ಕಾಣುತ್ತದೆ. ಬೈನಾಕ್ಯುಲರ್ ಇದ್ದರೆ ಅಲೆಗಳಾಚೆ ನೋಡಿ, ಮಲಗಿಕೊಂಡೇ ತಿನ್ನುವ ಕಡಲ ನೀರುನಾಯಿ ಸಿಕ್ಕೀತು. ಚರ್ಮದ ವ್ಯಾಪಾರಕ್ಕೆ ಇಲ್ಲಿ ಅವನ್ನು ಪೂರ್ತಿ ಮುಗಿಸಿಬಿಟ್ಟಿದ್ದರು. ಈಗಿರುವವು 1969 ಮತ್ತು 1970ರಲ್ಲಿ ಅಲಾಸ್ಕಾದಿಂದ ತಂದು ಬಿಟ್ಟ 59 ಪ್ರಾಣಿಗಳ ಸಂತಾನ.

ನೆಲ ನಡುಗಿದರೆ ಏನು ಮಾಡಬೇಕು ಎಂಬುದನ್ನೂ ಹೇಳಿಬಿಡುತ್ತೇನೆ, ಹೆದರಿಸಲು ಅಲ್ಲ. ಈ ಕರಾವಳಿಯ ಆಚೆ ದೊಡ್ಡ ಭೂಕಂಪದ ಬಿರುಕಿದೆ. ಕೊನೆಯ ಸಲ ಅದು ಜೋರಾಗಿ ಅಲುಗಿದ್ದು 1700ರ ಜನವರಿ 26ರ ರಾತ್ರಿ. ದಿನಾಂಕ ಇಷ್ಟು ಕರಾರುವಾಕ್ಕಾಗಿ ಗೊತ್ತಾದದ್ದು ಜಪಾನಿನ ದಾಖಲೆಗಳಿಂದ, ಸುನಾಮಿ ಅಲ್ಲಿಗೂ ಹೋಗಿತ್ತು. ಲಾ ಪುಶ್‌ನಲ್ಲಿರುವ ಕ್ವಿಲಿಯೂಟ್ ಎಂಬ ಮೂಲನಿವಾಸಿ ಜನರ ಹಳ್ಳಿ ಕಡಲಿನ ಮಟ್ಟದಲ್ಲೇ ಇದೆ. ಎತ್ತರದ ಜಾಗಕ್ಕೆ ಹೋಗಲಿ ಎಂದು 2012ರಲ್ಲಿ ಪಾರ್ಕಿನ 785 ಎಕರೆಯನ್ನು ಅವರಿಗೆ ಬಿಟ್ಟುಕೊಟ್ಟರು, 2022ರಲ್ಲಿ ಅವರ ಶಾಲೆ ಗುಡ್ಡದ ಮೇಲೆ ತೆರೆಯಿತು. ನಿಮಗೆ ಬೇಕಾದದ್ದು ಇಷ್ಟೇ: ಕಡಲ ಹತ್ತಿರ ನೆಲ ನಡುಗಿದರೆ ಸೈರನ್‌ಗೆ ಕಾಯಬೇಡಿ, ಸಾಮಾನು ಎತ್ತಿಕೊಳ್ಳಬೇಡಿ, ಮಗನನ್ನು ಎತ್ತಿಕೊಂಡು ಮೇಲಕ್ಕೆ ನಡೆಯಿರಿ. ಲಾ ಪುಶ್ ಕ್ವಿಲಿಯೂಟ್ ಜನರ ಊರು ಎಂಬುದೂ ನೆನಪಿರಲಿ. ಮನೆ, ಮಕ್ಕಳ ಫೋಟೊ ತೆಗೆಯಬೇಡಿ. ಇನ್ನು ಡ್ರೋನ್. ಪಾರ್ಕಿನೊಳಗೆ ಹಾರಿಸುವಂತೆಯೇ ಇಲ್ಲ.

ಒಂಬತ್ತಕ್ಕೆಲ್ಲ ಕಡಲ ಕೆಲಸ ಮುಗಿಯುತ್ತದೆ. ರೂಮಿಗೆ ಹೋಗಿ, ಉಂಡು, ಒಂದು ನಿದ್ದೆ ಮಾಡಿ. ಪ್ರವಾಸದಲ್ಲಿ ಮಧ್ಯಾಹ್ನ ಮಲಗುವುದು ದಂಡ ಅಂತ ನಮ್ಮವರಿಗೆ ಅನಿಸುತ್ತದೆ. ಹಿರಿಯರು, ಮಗು ಇಬ್ಬರೂ ಇರುವಾಗ ಅದೇ ಪ್ರವಾಸವನ್ನು ಉಳಿಸುವುದು. ನಾಲ್ಕರ ಸುಮಾರಿಗೆ ಹೋ ಕಡೆ ಹೊರಡಿ.

ಈಗ ಅಪ್ಪನ ಪ್ರಶ್ನೆ. ಅವರು ಹೇಳುವುದರಲ್ಲಿ ಹುರುಳಿದೆ. ಮಳೆಯ ಲೆಕ್ಕಕ್ಕೆ ಹೋ ಕಾಡು ಆಗುಂಬೆಯ ಅರ್ಧ. ಮರಗಳ ಜಾತಿ ಎಣಿಸಿದರೆ ಶರಾವತಿ ಕಣಿವೆಯ ಮುಂದೆ ಇದು ಬಡಕಾಡು, ನಾಲ್ಕೈದು ಮುಖ್ಯ ಮರಗಳು, ಅಷ್ಟೇ. ಜೀರುಂಡೆ ಕಿರುಚುವುದಿಲ್ಲ. ಬಿಳಲು ಇಲ್ಲ, ಬೆತ್ತ ಇಲ್ಲ. ಅಮ್ಮನಿಗೆ ಹೇಳಿ, ಇಂಬಳವೂ ಇಲ್ಲ, ಸುಣ್ಣದ ಡಬ್ಬಿ ಬೇಡ. ಇಂಬಳದ ಬದಲು ಬಾಳೆಹಣ್ಣಿನ ಬಣ್ಣದ, ಗೇಣುದ್ದದ ಗೊಂಡೆಹುಳ ಹಾದಿಯಲ್ಲಿ ಸಿಗುತ್ತದೆ, ಅದರ ಪಾಡಿಗೆ ಅದು.

ಇದು ಚಳಿಯ ಮಳೆಕಾಡು. ನಮ್ಮಲ್ಲಿ ಬಿದ್ದ ಮರವನ್ನು ಗೆದ್ದಲು, ಅಣಬೆ ಸೇರಿ ಬೇಗ ಮುಗಿಸುತ್ತವೆ. ಇಲ್ಲಿ ಬಿದ್ದ ಮರ ನೂರಾರು ವರ್ಷ ಹಾಗೇ ಬಿದ್ದಿರುತ್ತದೆ. ನೆಲದಲ್ಲಿ ಪಾಚಿ, ಜರಿಗಿಡ ಎಷ್ಟು ದಟ್ಟ ಅಂದರೆ ಬೀಜ ಬಿದ್ದರೂ ಮೊಳೆಯಲು ಜಾಗವಿಲ್ಲ. ಹಾಗಾಗಿ ಸಸಿಗಳು ಬಿದ್ದ ಮರದ ಬೆನ್ನ ಮೇಲೆ ಹುಟ್ಟುತ್ತವೆ. ಬೇರುಗಳು ಆ ದಿಮ್ಮಿಯನ್ನು ಅಪ್ಪಿಕೊಂಡು ಎರಡೂ ಬದಿಯಿಂದ ನೆಲಕ್ಕೆ ಇಳಿಯುತ್ತವೆ. ಅಲ್ಲಿನವರು ಅದನ್ನು 'ನರ್ಸ್ ಲಾಗ್' ಅನ್ನುತ್ತಾರೆ. ನಾನು ಬಾಣಂತಿ ಮರ ಅನ್ನುತ್ತೇನೆ. ಕೊನೆಗೆ ದಿಮ್ಮಿ ಕರಗಿಹೋದ ಮೇಲೆ, ದೊಡ್ಡ ದೊಡ್ಡ ಮರಗಳು ಒಂದೇ ಗೆರೆಯಲ್ಲಿ, ಯಾರೋ ಹಗ್ಗ ಹಿಡಿದು ನೆಟ್ಟ ತೋಟದ ಹಾಗೆ ನಿಂತಿರುತ್ತವೆ. ಬುಡದಲ್ಲಿ ಮಗ ನುಸುಳಿ ಹೋಗುವಷ್ಟು ಖಾಲಿ ಕಿಂಡಿ. ಆ ಕಿಂಡಿಯಲ್ಲಿ ಹಿಂದೆ ಒಂದು ಮರ ಇತ್ತು. ಅಡಿಕೆ ತೋಟದ ಸಾಲು ನೋಡಿ ಬೆಳೆದ ಅಪ್ಪನಿಗೆ ಇದನ್ನು ತೋರಿಸಿ, "ಇದನ್ನ ಯಾರು ನೆಟ್ರು ಹೇಳಿ" ಅಂತ ಕೇಳಿ. ಉತ್ತರ ಹೇಳಲು ಅವಸರ ಮಾಡಬೇಡಿ.

ಹಾಲ್ ಆಫ್ ಮಾಸಸ್ ಎಂಬ ಸುತ್ತುದಾರಿ ಒಂದು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ಶುರುವಿನಲ್ಲಿ ಸಣ್ಣ ಏರು. ಅಲ್ಲಿ ದೊಡ್ಡೆಲೆಯ ಮೇಪಲ್ ಮರಗಳು ಪಾಚಿಯ ಗಡ್ಡ ಬಿಟ್ಟು ನಿಂತಿವೆ. ಪಾಚಿ ಮರವನ್ನು ಹೀರುತ್ತದೆ ಅಂದುಕೊಳ್ಳುತ್ತೇವೆ ಅಲ್ವಾ? ಇಲ್ಲಿ ಉಲ್ಟಾ. 1980ರ ಆಸುಪಾಸಿನಲ್ಲಿ ನಳಿನಿ ನಾಡಕರ್ಣಿ ಎಂಬ ವಿಜ್ಞಾನಿ, ಭಾರತದಿಂದ ಹೋದ ತಂದೆಯ ಮಗಳು, ಹಗ್ಗ ಕಟ್ಟಿಕೊಂಡು ಈ ಮರಗಳ ಮೇಲೆ ಹತ್ತಿದರು. ಕೊಂಬೆಯ ಮೇಲಿನ ಪಾಚಿಯ ಕೆಳಗೆ ಮಣ್ಣು ಕಟ್ಟಿತ್ತು. ಆ ಮಣ್ಣಿಗೆ ಮೇಪಲ್ ಮರ ಕೊಂಬೆಯಿಂದಲೇ ಬೇರು ಬಿಟ್ಟು, ನೆಲಕ್ಕೆ ಇಳಿಯದೆ ಅಲ್ಲೇ ಉಣ್ಣುತ್ತಿತ್ತು. ಅದಕ್ಕಿಂತ ಮೊದಲು ಇದು ವಿಜ್ಞಾನಿಗಳ ಗಮನಕ್ಕೆ ಬಂದಿರಲಿಲ್ಲ, ಯಾಕೆಂದರೆ ಎಲ್ಲರೂ ಕೆಳಗೆ ನಿಂತು ನೋಡುತ್ತಿದ್ದರು.

ಅಮ್ಮನಿಗೆ ಆ ಏರು ಬೇಡ ಅನಿಸಿದರೆ ವಿಸಿಟರ್ ಸೆಂಟರಿನ ಪಕ್ಕದಲ್ಲೇ ಮಿನಿ ಟ್ರೇಲ್ ಇದೆ, ಗಾಲಿಕುರ್ಚಿಯೂ ಹೋಗುವಂಥದ್ದು. ಸ್ಪ್ರೂಸ್ ಟ್ರೇಲ್ ಸುಮಾರು ಎರಡು ಕಿಲೋಮೀಟರ್, ಹೆಚ್ಚುಕಡಿಮೆ ಮಟ್ಟಸ, ನದಿಯ ತನಕ ಹೋಗುತ್ತದೆ. ಸಿಟ್ಕಾ ಸ್ಪ್ರೂಸ್ ಮರದ ಬುಡದಲ್ಲಿ ನಿಂತು ತಲೆ ಎತ್ತಿದರೆ ತುದಿ ಕಾಣುವುದಿಲ್ಲ, 60-70 ಮೀಟರ್ ಮಾಮೂಲು. ನದಿಯ ದಡದಲ್ಲಿ ಅಂಥ ಕೆಲವು ಮರಗಳು ಬೇರು ಸಮೇತ ಕುಸಿದು ಬಿದ್ದಿರುತ್ತವೆ. ಮಗನಿಗೆ ತೋರಿಸಿ: ನದಿ ಇವನ್ನು ಚಳಿಗಾಲದ ನೆರೆಯಲ್ಲಿ ಕಡಲಿಗೆ ಒಯ್ಯುತ್ತದೆ, ಕಡಲು ಬೀಚಿಗೆ ಎಸೆಯುತ್ತದೆ. ಬೆಳಿಗ್ಗೆ ನೋಡಿದ ಬೆಳ್ಳಗಿನ ದಿಮ್ಮಿಗಳಲ್ಲಿ ಎಷ್ಟೋ ಇಂಥ ದಡದಿಂದ ಹೋದವೇ. ಅದೇ ನೆರೆ ರಸ್ತೆಯನ್ನೂ ಬಿಡುವುದಿಲ್ಲ. 2024ರ ಡಿಸೆಂಬರಿನಲ್ಲಿ ಹೋ ರಸ್ತೆ ಕೊಚ್ಚಿಹೋಗಿ, ತೆರೆಯುವಷ್ಟರಲ್ಲಿ ಮರುವರ್ಷದ ಮೇ ತಿಂಗಳು. ಹೊರಡುವ ಹಿಂದಿನ ದಿನ ಪಾರ್ಕಿನ ವೆಬ್‌ಸೈಟಿನಲ್ಲಿ ರಸ್ತೆಗಳ ಸ್ಥಿತಿ ನೋಡಿಯೇ ಹೊರಡಿ.

ಕರಡಿ ಇವೆ. ನಮ್ಮ ದರೋಜಿ ಕಡೆಯ ಕರಡಿಯಷ್ಟು ಮುಂಗೋಪಿಯಲ್ಲ, ಜನರ ಸದ್ದು ಕೇಳಿದರೆ ಸರಿದುಹೋಗುವ ಕಪ್ಪು ಕರಡಿ. ಗ್ರಿಜ್ಲಿ ಈ ಪಾರ್ಕಿನಲ್ಲಿ ಇಲ್ಲ. ನಾನು ಹೆಚ್ಚು ಹೆದರುವುದು ಎಲ್ಕ್‌ಗೆ. ನಮ್ಮ ಕಡವೆಗಿಂತ ದೊಡ್ಡ ಜಿಂಕೆ ಜಾತಿ. ಬಹುಮಟ್ಟಿಗೆ ಇವನ್ನು ಉಳಿಸಲೆಂದೇ 1909ರಲ್ಲಿ ಈ ಜಾಗವನ್ನು ರಾಷ್ಟ್ರೀಯ ಸ್ಮಾರಕ ಮಾಡಿದ್ದು. ಹೋ ಕಾಡಿನಲ್ಲಿ ಪಾರ್ಕಿಂಗ್ ಹತ್ತಿರವೇ ಮೇಯುತ್ತಿರುತ್ತವೆ, ದನದ ಹಾಗೆ ಸಾಧು ಕಾಣುತ್ತವೆ, ಜನ ಸೆಲ್ಫಿಗೆ ಹತ್ತಿರ ಹೋಗುತ್ತಾರೆ. ಕನಿಷ್ಠ 45 ಮೀಟರ್ ದೂರ ಇರಬೇಕು ಅನ್ನುವುದು ನಿಯಮ. ಮಗ ಮುಂದೆ ಓಡದಂತೆ ನೋಡಿಕೊಳ್ಳಿ, ಅಷ್ಟು ಸಾಕು.

ಬಟ್ಟೆ: ಹತ್ತಿ ಬಟ್ಟೆ, ಜೀನ್ಸ್ ಬೇಡ, ಒದ್ದೆಯಾದರೆ ಒಣಗದು. ಜುಲೈ ಅಂತ ನಂಬಬೇಡಿ. ಸಿಯಾಟಲ್‌ನಲ್ಲಿ 30 ಡಿಗ್ರಿ ಇದ್ದ ದಿನವೂ ಕಡಲಲ್ಲಿ ಮಂಜು ಮುಸುಕಿ 15 ಇರಬಹುದು. ಅಮ್ಮನಿಗೆ ಸೀರೆಯೇ ಬೇಕೆಂದರೆ ಒಳಗೆ ಥರ್ಮಲ್ ಪ್ಯಾಂಟು, ಕಾಲಿಗೆ ಶೂ. ಛತ್ರಿ ಗಾಳಿಗೆ ನಿಲ್ಲದು, ಮಳೆ ಜಾಕೆಟ್ ಎಲ್ಲರಿಗೂ ಒಂದೊಂದು.

ಊಟ: ಶುಕ್ರವಾರಕ್ಕೆ ಚಿತ್ರಾನ್ನ, ಮೊಸರನ್ನ, ಶನಿವಾರಕ್ಕೆ ಚಪಾತಿ, ಚಟ್ನಿಪುಡಿ. ಮೈಕ್ರೊವೇವ್ ಇರುವ ರೂಮು ಕೇಳಿ. ಫೋರ್ಕ್ಸ್‌ನಲ್ಲಿ ಸಸ್ಯಾಹಾರಿಗಳಿಗೆ ಪಿಜ್ಜಾ, ಆಲೂಗಡ್ಡೆ ಬಿಟ್ಟರೆ ದೊಡ್ಡ ಆಯ್ಕೆ ಇಲ್ಲ. ತಿಂದ ಮೇಲೆ ಒಂದು ಅಗುಳೂ ಬಿಡಬೇಡಿ. ಕಾಗೆ, ರಕೂನ್‌ಗಳಿಗೆ ಮನುಷ್ಯರ ಊಟದ ರುಚಿ ಹತ್ತಿದರೆ ಮುಂದೆ ಬರುವವರಿಗೆ ಕಾಟ. ಪಾರ್ಕಿನ ಪ್ರವೇಶ ಶುಲ್ಕ ಒಂದು ಕಾರಿಗೆ 30 ಡಾಲರ್, ಏಳು ದಿನ ನಡೆಯುತ್ತದೆ. ವರ್ಷದ ಪಾಸ್ ಇದ್ದರೆ ಅದೇ ಸಾಕು.

ಭಾನುವಾರ ಬಂದ ದಾರಿಯಲ್ಲಿ ವಾಪಸ್ ಹೋಗಬೇಡಿ, ಫೆರ್ರಿ ಸಾಲಿನಲ್ಲಿ ಸಂಜೆ ಕಳೆದುಹೋಗುತ್ತದೆ. ದಕ್ಷಿಣಕ್ಕೆ ಇಳಿಯಿರಿ. ಕ್ಲೇಲಾಕ್‌ನ ಮರಳಿನ ಬೀಚಿನಲ್ಲಿ ಇನ್ನೊಮ್ಮೆ ಕಡಲು ನೋಡಿ, ಅಲ್ಲಿಂದ ಲೇಕ್ ಕ್ವಿನಾಲ್ಟ್. ಕೆರೆಯ ದಡದಲ್ಲಿ 1926ರಲ್ಲಿ ಕಟ್ಟಿದ ಹಳೆಯ ಲಾಡ್ಜ್ ಇದೆ. ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ 1937ರಲ್ಲಿ ಇಲ್ಲಿ ಊಟ ಮಾಡಿದ್ದರು, ಮರುವರ್ಷ ಈ ಪಾರ್ಕಿಗೆ ಸಹಿ ಹಾಕಿದರು. ಮುಂದಿನ ಹುಲ್ಲುಹಾಸಿನ ಕುರ್ಚಿಯಲ್ಲಿ ಅಮ್ಮನಿಗೆ ಒಂದು ಕಾಫಿ ಕೊಡಿಸಿ. ನಮ್ಮ ಫಿಲ್ಟರ್ ಕಾಫಿಯ ಹತ್ತಿರಕ್ಕೂ ಬರದು, ಕುರ್ಚಿ ಚೆನ್ನಾಗಿದೆ. ಅಲ್ಲಿಂದ ಅಬರ್ಡೀನ್, ಒಲಿಂಪಿಯಾ ಮೇಲೆ ಮನೆಗೆ ಮೂರು ಗಂಟೆಯ ಮೇಲೆ. ಗ್ಯಾಸ್ ಮಾತ್ರ ಫೋರ್ಕ್ಸ್‌ನಲ್ಲೇ ತುಂಬಿಸಿಕೊಂಡು ಹೊರಡಿ.